ಬಿರುಕಿಗೆ ಗಾರೆ ಬಳಿಯುವ ಮೊದಲು ಪಾಯ ನೋಡಿ

ಗದಗ ಹತ್ತಿರದ ನಮ್ಮೂರ ಮನೆಯಲ್ಲಿ, ಅಡುಗೆಮನೆ ಕಿಟಕಿಯ ಮೂಲೆಯಿಂದ ಒಂದು ಬಿರುಕು ಓರೆಯಾಗಿ ಮೇಲಕ್ಕೆ ಹೋಗಿತ್ತು. ಮೂರು ಸಲ ಗಾರೆ ತುಂಬಿಸಿ ಬಣ್ಣ ಹೊಡೆಸಿದೆವು. ದೀಪಾವಳಿಗೆ ಗೋಡೆ ಚೆನ್ನಾಗಿಯೇ ಕಾಣುತ್ತಿತ್ತು. ಯುಗಾದಿ ಕಳೆಯುತ್ತಿದ್ದಂತೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತಿತ್ತು.

ನಾಲ್ಕನೇ ಸಲ ಬಂದವರು ವಯಸ್ಸಾದ ಗೌಂಡಿ. ಬಿರುಕಿನ ಮೇಲೆ ಬೆರಳಾಡಿಸಿದರು. ಹೊರಗೆ ಹೋಗಿ ಮನೆ ಒಂದು ಸುತ್ತು ಹಾಕಿ ಬಂದರು. ಆಮೇಲೆ ಅವ್ವನಿಗೆ, "ಇದಕ್ಕ ಸಿಮೆಂಟ್ ಹಚ್ಚಬ್ಯಾಡ್ರಿ ಅಕ್ಕಾರ, ಮೊದಲ ನೀರು ಎಲ್ಲಿ ನಿಂತದ ನೋಡ್ರಿ" ಅಂದರು. ಹಳೆ ಕಿಟಕಿಯ ಗಾಜಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಬಿರುಕಿನ ಮೇಲೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಗಟ್ಟಿ ಅಂಟು ಹಾಕಿ ಹೋದರು. ಅದು ಜನವರಿ. ಏಪ್ರಿಲ್ ಮಧ್ಯದಲ್ಲಿ ಒಂದು ಬೆಳಿಗ್ಗೆ ನೋಡಿದರೆ ಗಾಜಿನ ನಡುವೆ ಕೂದಲೆಳೆಯಷ್ಟು ಗೆರೆ ಬಿದ್ದಿತ್ತು. ಗೋಡೆ ಅಲುಗಾಡುತ್ತಿದೆ ಅಂತ ನಮಗೆ ಗೊತ್ತಾಗಿದ್ದು ಅವತ್ತು.

ಕಾರಣ ನಮ್ಮ ಎರೆ ಮಣ್ಣು. ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ರಾಯಚೂರು, ಕಲಬುರಗಿ ಕಡೆಯವರಿಗೆ ಇದರ ಗುಣ ಹೇಳಬೇಕಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಸೀಳು ಬಿಡುತ್ತದೆ. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ತನ್ನ ಪದರಗಳ ನಡುವೆ ನೀರು ಹೀರಿಕೊಳ್ಳುತ್ತದೆ. ಮನೆಯ ಕೆಳಗಿನ ನೆಲವೆಲ್ಲ ಒಂದೇ ಸಮ ಉಬ್ಬಿ ಒಂದೇ ಸಮ ಕುಗ್ಗಿದರೆ ಅಷ್ಟು ತೊಂದರೆಯಿಲ್ಲ. ಒಂದು ಮೂಲೆ ಒದ್ದೆ, ಇನ್ನೊಂದು ಮೂಲೆ ಒಣ ಅಂತಾದರೆ ಗೋಡೆ ಸೀಳುತ್ತದೆ.

ನಿಮ್ಮ ಹಿತ್ತಲಿನ ಮಣ್ಣು ಎಂಥದು ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಚೆನ್ನಾಗಿ ಒಣಗಿದ ಮಣ್ಣನ್ನು ಪುಡಿ ಮಾಡಿ ನಯವಾದ ಜರಡಿಯಲ್ಲಿ ಸೋಸಿ. ಒಂದೇ ಅಳತೆಯ ಎರಡು ಉದ್ದ ಗಾಜಿನ ಲೋಟಕ್ಕೆ ಸಮವಾಗಿ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಗಾಳಿಗುಳ್ಳೆ ಹೋಗುವಂತೆ ಕಲಕಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ. ನೀರಿನ ಲೋಟದಲ್ಲಿ ಮಣ್ಣು ಸೀಮೆಎಣ್ಣೆ ಲೋಟದ ಮಣ್ಣಿನ ಒಂದೂವರೆ ಪಟ್ಟು ಎತ್ತರಕ್ಕೆ ಬಂದಿದ್ದರೆ ಉಬ್ಬುವಿಕೆ ಶೇ 50 ಅಂತ ಲೆಕ್ಕ. ಅದಕ್ಕಿಂತ ಜಾಸ್ತಿ ಬಂದರೆ ಪಾಯದ ಬಗ್ಗೆ ಎಚ್ಚರ ಬೇಕು. ಪ್ರಯೋಗಾಲಯದಲ್ಲೂ ಇದೇ ಪರೀಕ್ಷೆ ಮಾಡುತ್ತಾರೆ: 10 ಗ್ರಾಂ ಮಣ್ಣು, 425 ಮೈಕ್ರಾನ್ ಜರಡಿ, 100 ಮಿ.ಲೀ. ಅಳತೆಗಾಜು.

ವರ್ಷಕ್ಕೆ ಎರಡು ಸಲ ನೋಡಿ

ಎರೆ ನೆಲದ ಮನೆಯನ್ನು ಒಂದೇ ಸಲ ನೋಡಿದರೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಮೇ ತಿಂಗಳಲ್ಲಿ ಮಳೆ ಬೀಳುವ ಮೊದಲು ಒಮ್ಮೆ, ಅಕ್ಟೋಬರ್ ಕೊನೆಗೆ ನೆಲ ಪೂರ್ತಿ ನೆನೆದ ಮೇಲೆ ಇನ್ನೊಮ್ಮೆ ನೋಡಿ. ಒಂದು ಟಾರ್ಚು, ಸ್ಟೀಲ್ ಸ್ಕೇಲು, ಪೆನ್ಸಿಲ್, ದಾರಕ್ಕೆ ಕಟ್ಟಿದ ತೂಗುಗುಂಡು, ಹತ್ತು ಹದಿನೈದು ಮೀಟರ್ ಪಾರದರ್ಶಕ ಪೈಪು ಇದ್ದರೆ ಸಾಕು. ಒಂದು ನೋಟ್‌ಬುಕ್ ಇಡಿ. ಫೋಟೊ ತೆಗೆಯುವಾಗ ಬಿರುಕಿನ ಪಕ್ಕ ಸ್ಕೇಲು ಹಿಡಿಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ಹೋಲಿಸಿ ನೋಡಲು ಆಗುವುದಿಲ್ಲ.

ಮೊದಲು ಹೊರಗೆ ಒಂದು ಸುತ್ತು

ಗೋಡೆ ಆಮೇಲೆ, ಮೊದಲು ನೀರು. ತಾರಸಿಯ ನೀರಿನ ಪೈಪು ಎಲ್ಲಿ ಬಿಡುತ್ತದೆ? ಗೋಡೆ ಬುಡದಲ್ಲೇ ಸುರಿಯುತ್ತಿದ್ದರೆ ಅದನ್ನು ಬರೆದುಕೊಳ್ಳಿ. ಬಚ್ಚಲ ಮೋರಿ, ಗಟಾರದ ಬಿರುಕು, ಸಂಪು, ಶೌಚಗುಂಡಿ, ನೀರು ತೊಟ್ಟಿಕ್ಕುವ ನಲ್ಲಿ, ದಿನಾ ನೀರು ಹಾಕುವ ಹೂವಿನ ಮಡಿ, ಇವೆಲ್ಲ ಗೋಡೆಯಿಂದ ಎಷ್ಟು ದೂರ ಅಂತ ನೋಡಿ. ಒಂದು ಕೊಡ ನೀರನ್ನು ಗೋಡೆ ಪಕ್ಕ ಚೆಲ್ಲಿ ನೋಡಿ. ಅದು ಮನೆಯಿಂದ ಆಚೆ ಹರಿಯಬೇಕು. ಗೋಡೆ ಕಡೆಗೇ ತಿರುಗಿ ನಿಂತರೆ ಇಳಿಜಾರು ತಪ್ಪಿದೆ.

ಬೇಸಿಗೆಯಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ನೆಲ ಕುಗ್ಗಿ ಗೋಡೆಗೂ ಮಣ್ಣಿಗೂ ನಡುವೆ ಸಂದಿ ಬಿಟ್ಟಿರುತ್ತದೆ. ಅದರೊಳಗೆ ಸ್ಕೇಲು ಇಳಿಸಿ ಎಷ್ಟು ಆಳ ಹೋಗುತ್ತದೆ ನೋಡಿ. ಮೊದಲ ಮಳೆಯ ನೀರು ಈ ಸಂದಿಯಿಂದಲೇ ನೇರ ಪಾಯದ ಬುಡಕ್ಕೆ ಇಳಿಯುತ್ತದೆ.

ಮರಗಳನ್ನೂ ನೋಡಿ. ಬೇವು, ಅರಳಿಯಂಥ ದೊಡ್ಡ ಮರ ಗೋಡೆಗೆ ಹತ್ತಿರ ಇದ್ದರೆ ಬೇಸಿಗೆಯಲ್ಲಿ ಆ ಮೂಲೆಯ ನೀರೆಲ್ಲ ಎಳೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಗಿತ್ತು. ಅಡುಗೆಮನೆ ಮೂಲೆಯಲ್ಲಿ ಬೇವಿನ ಮರ, ಎದುರಿನ ಮೂಲೆಯಲ್ಲಿ ಒಡೆದ ಬಚ್ಚಲ ಪೈಪು. ಒಂದು ಕಡೆ ನೆಲ ಒಣಗಿ ಇಳಿಯುತ್ತಿತ್ತು, ಇನ್ನೊಂದು ಕಡೆ ವರ್ಷವಿಡೀ ಒದ್ದೆ. ಹಾಗಂತ ಮರವನ್ನು ಏಕ್‌ದಂ ಕಡಿಸಬೇಡಿ. ಅಷ್ಟು ವರ್ಷ ಮರ ಕುಡಿಯುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು, ಒಣಗಿದ್ದ ಜೇಡಿ ಉಬ್ಬಿ, ಪಾಯವನ್ನು ಮೇಲಕ್ಕೆ ಎತ್ತಬಹುದು.

ಬಿರುಕು ಯಾವ ಕಡೆ ಹೋಗಿದೆ?

ಎಲ್ಲ ಬಿರುಕೂ ಪಾಯದ್ದಲ್ಲ. ಇದನ್ನು ಬಿಡಿಸಿ ನೋಡಲು ಕಲಿತರೆ ಅರ್ಧ ಭಯ ಹೋಗುತ್ತದೆ.

ಗೋಡೆ ತುಂಬ ಜೇಡರ ಬಲೆಯಂತೆ ಹರಡಿದ ಸಣ್ಣ ಗೆರೆಗಳು ಗಾರೆಯವು. ಸಿಮೆಂಟ್ ಜಾಸ್ತಿ ಆದಾಗ ಅಥವಾ ಸರಿಯಾಗಿ ನೀರು ಉಣಿಸದಿದ್ದಾಗ ಬರುತ್ತವೆ. ಕಾಂಕ್ರೀಟ್ ಕಂಬಕ್ಕೂ ಇಟ್ಟಿಗೆ ಗೋಡೆಗೂ ನಡುವಿನ ನೆಟ್ಟನೆಯ ಗೆರೆ ಬಹಳ ಸಲ ಎರಡು ವಸ್ತು ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವುದರಿಂದ ಆದದ್ದು. ಮೇಲಿನ ಮಹಡಿಯಲ್ಲಿ, ತಾರಸಿ ಸ್ಲ್ಯಾಬಿನ ಕೆಳಗೇ ಅಡ್ಡ ಗೆರೆ ಕಂಡರೆ ಬಿಸಿಲಿಗೆ ಸ್ಲ್ಯಾಬು ಹಿಗ್ಗಿರುವ ಸಾಧ್ಯತೆಯೇ ಹೆಚ್ಚು.

ಪಾಯದ ಬಿರುಕು ಬೇರೆ ಥರ. ಅದು ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಡುತ್ತದೆ. ಗಾರೆ ಬಳಿಯದ ಗೋಡೆಯಲ್ಲಿ ಇಟ್ಟಿಗೆ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ. ಮೇಲ್ಗಡೆ ಅಗಲ, ಕೆಳಗಡೆ ಸಪೂರ ಇದ್ದರೆ ಮನೆಯ ತುದಿ ಇಳಿದಿದೆ ಅಥವಾ ನಡುಭಾಗ ಉಬ್ಬಿದೆ. ಕೆಳಗಡೆ ಅಗಲ ಇದ್ದರೆ ನಡುಭಾಗ ಇಳಿದಿರಬಹುದು.

ಅಗಲ ಅಳೆಯಲು ಎಟಿಎಂ ಕಾರ್ಡು ಸಾಕು. ಅದರ ದಪ್ಪ ಸುಮಾರು ಮುಕ್ಕಾಲು ಮಿ.ಮೀ. ಕಾರ್ಡು ಒಳಗೆ ಹೋಗದಿದ್ದರೆ ಗಾಬರಿ ಬೇಡ, ಗುರುತು ಹಾಕಿ ಕಾಯಿರಿ. ಎರಡು ಮೂರು ಕಾರ್ಡು ಒಟ್ಟಿಗೆ ಹೋದರೆ ತಿಂಗಳಿಗೊಮ್ಮೆ ನೋಡಿ. ಅಗಲ 5 ಮಿ.ಮೀ. ದಾಟಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು.

ಇನ್ನು ಗಾಜಿನ ಪಟ್ಟಿ. ಅಂಟಿಸುವ ಜಾಗದಲ್ಲಿ ಬಣ್ಣ ಕೆರೆದು ಗಟ್ಟಿ ಗೋಡೆ ಸಿಗುವಂತೆ ಮಾಡಿ, ಇಲ್ಲದಿದ್ದರೆ ಬಣ್ಣದ ಸಮೇತ ಕಿತ್ತು ಬರುತ್ತದೆ. ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆಯಿರಿ. ಬಿರುಕು ಅಲುಗಾಡಿತು ಅಂತ ಗಾಜು ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಅದಕ್ಕೆ ಬಿರುಕಿನ ಎರಡೂ ಬದಿಗೆ ಒಂದೊಂದು ಸಣ್ಣ ಮೊಳೆ ಹೊಡೆದು ನಡುವಿನ ಅಂತರ ಅಳೆದಿಡಿ. ಬಿರುಕಿನ ಎರಡೂ ತುದಿಗೆ ಅಡ್ಡ ಗೆರೆ ಎಳೆಯಿರಿ. ಗೆರೆ ದಾಟಿ ಮುಂದೆ ಹೋದರೆ ಅದು ಬೆಳೆಯುತ್ತಿದೆ. ಮೇ ತಿಂಗಳಲ್ಲಿ ಅಗಲವಾಗಿ ಅಕ್ಟೋಬರಿನಲ್ಲಿ ಮುಚ್ಚಿಕೊಂಡರೆ ಮಣ್ಣಿನ ಆಟ. ವರ್ಷವಿಡೀ ಒಂದೇ ಕಡೆಗೆ ಬೆಳೆಯುತ್ತಲೇ ಇದ್ದರೆ ಪಾಯ ಕೂರುತ್ತಿದೆ, ಇದು ಇನ್ನೂ ಗಂಭೀರ.

ಬಾಗಿಲು, ಮಟ್ಟ, ತೂಗು

ಬಾಗಿಲು ಬಿಗಿಯಾಯಿತು ಅಂದಕೂಡಲೇ ಪಾಯ ಕುಸಿಯಿತು ಅನ್ನಬೇಡಿ. ಮಳೆಗಾಲದಲ್ಲಿ ಮರದ ಬಾಗಿಲು ಸುಮ್ನೆ ಉಬ್ಬುತ್ತದೆ. ಬಾಗಿಲನ್ನು ಬಿಟ್ಟು ಚೌಕಟ್ಟನ್ನು ಅಳೆಯಿರಿ. ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ಒಂದೇ ಬರಬೇಕು.

ಮಟ್ಟ ನೋಡುವ ಪೈಪು ಹಳೆಯ ಗೌಂಡಿಗಳ ನಂಬಿಕೆಯ ಸಾಧನ. ಪೈಪಿಗೆ ನೀರು ತುಂಬಿ, ಗುಳ್ಳೆ ಒಂದೂ ಇಲ್ಲದಂತೆ ನೋಡಿ. ಒಂದು ತುದಿ ಒಬ್ಬರು ಹಿಡಿಯಲಿ, ಇನ್ನೊಂದು ತುದಿ ಹಿಡಿದು ನೀವು ಮನೆ ಸುತ್ತಿ. ನೀರು ನಿಂತ ಎತ್ತರಕ್ಕೆ ಪ್ರತಿ ಮೂಲೆಯಲ್ಲೂ ಗುರುತು ಹಾಕಿ. ಆ ಗುರುತಿನಿಂದ ಕೆಳಗೆ ಪ್ಲಿಂತ್ (ನೆಲದಿಂದ ಮೇಲೆ, ಗೋಡೆಯ ಕೆಳಗೆ ಕಾಣುವ ಪಾಯದ ಕಟ್ಟೆ) ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ಕಟ್ಟುವಾಗಲೇ ಹೆಚ್ಚುಕಮ್ಮಿ ಆಗಿರಬಹುದು, ಹಾಗಾಗಿ ಮೊದಲ ಅಳತೆಯಿಂದ ಏನೂ ನಿರ್ಧರಿಸಬೇಡಿ. ಅಕ್ಟೋಬರಿನಲ್ಲಿ ಹೊಸದಾಗಿ ಮಟ್ಟ ತೆಗೆದು ಮತ್ತೆ ಅಳೆದಾಗ ಯಾವ ಮೂಲೆ ಏರಿತು, ಯಾವುದು ಇಳಿಯಿತು ಅಂತ ಕಾಣುತ್ತದೆ. ನನ್ನ ಪ್ರಕಾರ ಇಡೀ ತಪಾಸಣೆಯಲ್ಲಿ ಇದೇ ಮುಖ್ಯ. ಆದರೆ ಜನ ಬಿಟ್ಟುಬಿಡುವುದೂ ಇದನ್ನೇ.

ತೂಗುಗುಂಡು ಇಳಿಬಿಟ್ಟು ಗೋಡೆ ಹೊಟ್ಟೆ ಬಿಟ್ಟಿದೆಯಾ ಅಂತಲೂ ನೋಡಿ.

ಗೋಡೆಯ ತೇವ

ನೆಲದಿಂದ ಮೇಲಕ್ಕೆ, ಸುಮಾರು ಒಂದು ಮೀಟರ್ ಎತ್ತರದವರೆಗೆ ಪಟ್ಟಿಯಂತೆ ಬಣ್ಣ ಉದುರಿ, ಬಿಳಿ ಉಪ್ಪು ಪುಡಿ ಕಾಣಿಸಿದರೆ ತೇವ ನೆಲದಿಂದ ಏರುತ್ತಿದೆ. ಮೇಲಿನಿಂದ ಕೆಳಗೆ ಕಲೆ ಇಳಿದಿದ್ದರೆ ತಾರಸಿ ಅಥವಾ ಪೈಪು ನೋಡಿ. ಗೊತ್ತಾಗದಿದ್ದರೆ ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಭದ್ರವಾಗಿ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ ನೀರಿನ ಹನಿ ಇದ್ದರೆ ತೇವ ಗೋಡೆಯೊಳಗಿನದು. ಕೋಣೆ ಕಡೆಯ ಮೈಯಲ್ಲಿ ಇದ್ದರೆ ಗಾಳಿಯ ತೇವ, ಕಿಟಕಿ ತೆರೆದಿಡಿ.

ಪಾಯದ ಮೇಲೆ, ಗೋಡೆ ಶುರುವಾಗುವಲ್ಲಿ ತೇವ ತಡೆಯುವ ಕಾಂಕ್ರೀಟ್ ಪದರ ಇರಬೇಕು. ಎಷ್ಟೋ ಮನೆಯಲ್ಲಿ ಅದು ಇದ್ದರೂ ಕೆಲಸ ಮಾಡುತ್ತಿರುವುದಿಲ್ಲ. ರಸ್ತೆಗೆ ಪದರದ ಮೇಲೆ ಪದರ ಹಾಕಿ ಎತ್ತರಿಸಿರುತ್ತಾರೆ, ಅಥವಾ ನಾವೇ ಅಂಗಳಕ್ಕೆ ಮಣ್ಣು ಹಾಕಿ ಆ ಪದರವನ್ನು ಹೂತಿರುತ್ತೇವೆ. ಹೊರಗಿನ ಮಣ್ಣು ಅದಕ್ಕಿಂತ ಕೆಳಗೆ ಇದೆಯಾ ನೋಡಿ. ಗೋಡೆ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆ ಕಂಡರೂ ಅಲ್ಲಿ ತೇವ ಇದೆ ಅಂತಲೇ ತಿಳಿಯಿರಿ.

ಕಾಂಕ್ರೀಟ್ ಕಂಬ, ಪ್ಲಿಂತ್ ಬೀಮ್ ಇದ್ದರೆ ಸರಳಿನ ಉದ್ದಕ್ಕೂ ಬಿರುಕು, ತುಕ್ಕಿನ ಕಲೆ ಇದೆಯಾ ನೋಡಿ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ ಒಳಗೆ ಸರಳು ತುಕ್ಕು ಹಿಡಿದು ಉಬ್ಬಿ, ಮೇಲಿನ ಕಾಂಕ್ರೀಟನ್ನು ದೂಡಿರಬಹುದು.

ಪಾಯ ಅಗೆದು ನೋಡುವುದು

ಇದನ್ನು ನೀವೇ ಮಾಡಬೇಡಿ. ಎಂಜಿನಿಯರ್ ಹೇಳಿದರೆ, ಅವರ ಎದುರಿಗೆ, ಒಂದು ಕಡೆ ಮಾತ್ರ ಸಣ್ಣ ಗುಂಡಿ ತೆಗೆದು ಅದೇ ದಿನ ಮುಚ್ಚಬೇಕು. ಗೋಡೆಯ ಉದ್ದಕ್ಕೂ ಕಾಲುವೆ ತೋಡಿದರೆ ಪಾಯದ ಪಕ್ಕದ ಆಸರೆ ಹೋಗುತ್ತದೆ. ಗುಂಡಿಯಲ್ಲಿ ನೋಡಬೇಕಾದದ್ದು ಇಷ್ಟು: ಪಾಯ ಎರೆಯಲ್ಲೇ ನಿಂತಿದೆಯಾ, ಗಟ್ಟಿ ಗರಸಿನವರೆಗೆ ಇಳಿದಿದೆಯಾ? ಕಲ್ಲುಗಳ ನಡುವಿನ ಗಾರೆ ಉಳಿದಿದೆಯಾ, ಮಣ್ಣಾಗಿದೆಯಾ? ಹೊಸ ಮನೆ ಕಟ್ಟುವವರು ಅಂಡರ್‌ರೀಮ್ಡ್ ಪೈಲ್ ಬಗ್ಗೆ ಎಂಜಿನಿಯರ್ ಹತ್ತಿರ ಕೇಳಿ. ಬುಡದಲ್ಲಿ ಗಡ್ಡೆಯಂತೆ ಅಗಲವಾದ ಈ ಕಂಬಗಳನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಮಣ್ಣಿಗಾಗಿಯೇ ರೂಪಿಸಿತು. ಗಡ್ಡೆಯ ಅಗಲ ಕಂಬದ ಎರಡೂವರೆ ಪಟ್ಟು ಇರುತ್ತದೆ, ಮತ್ತು ಅದು ಹೆಚ್ಚು ಅಲುಗಾಡದ ಆಳದಲ್ಲಿ ಕೂರುತ್ತದೆ.

ಕಂಬ ಅಥವಾ ಬೀಮಿನಲ್ಲೇ ಓರೆ ಬಿರುಕು ಕಂಡರೆ, ಗೋಡೆ ವಾಲಿದರೆ, ಬಿರುಕು ದಿನದಿಂದ ದಿನಕ್ಕೆ ಅಗಲವಾದರೆ, ಚಟಪಟ ಸದ್ದು ಬಂದರೆ ಅಳತೆ ಮಾಡುತ್ತ ಕೂರಬೇಡಿ. ಆ ಭಾಗ ಖಾಲಿ ಮಾಡಿ, ಎಂಜಿನಿಯರ್ ಕರೆಸಿ.

ನಮ್ಮ ಮನೆಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಬಚ್ಚಲ ಪೈಪು ಬದಲಾಯಿಸಿದೆವು. ತಾರಸಿ ನೀರನ್ನು ಗಟಾರದವರೆಗೆ ಒಯ್ದೆವು. ಗೋಡೆ ಸುತ್ತ ಮೂರೂವರೆ ಅಡಿ ಅಗಲಕ್ಕೆ, ಹೊರಗೆ ಇಳಿಜಾರು ಕೊಟ್ಟು, ಕಾಂಕ್ರೀಟ್ ಹಾಸಿದೆವು. ಬೇವು ಹಾಗೇ ಇದೆ, ಕೊಂಬೆ ಮಾತ್ರ ಸವರಿಸಿದ್ದೇವೆ. ಗೌಂಡಿ ಬಂದು ಹೊಸ ಗಾಜಿನ ಪಟ್ಟಿ ಅಂಟಿಸಿ ಹೋದರು. ಈ ಮೇ ಮುಗಿದರೂ ಗಾಜಿಗೆ ಗೆರೆ ಬಿದ್ದಿಲ್ಲ. ಅವ್ವ ಬಣ್ಣದ ಡಬ್ಬಿ ತಂದಿಟ್ಟುಕೊಂಡಿದ್ದಾಳೆ. ಇನ್ನೊಂದು ಬೇಸಿಗೆ ನೋಡೋಣ ಅಂತ ಗೌಂಡಿ ಹೇಳಿದ್ದಾರೆ, ಹಾಗಾಗಿ ಬಿರುಕು ಇನ್ನೂ ತೆರೆದೇ ಇದೆ.