ಚಾರ್ಟ್ ಚೀಲದಲ್ಲೇ ಇರಲಿ: ತುಮಕೂರು ಕಡೆ ಕೌನ್ಸೆಲಿಂಗಿಗೆ ಹೊಸದಾಗಿ ಬಂದವರಿಗೆ

ಲೈಂಗಿಕ ವೃತ್ತಿಯಲ್ಲಿರುವ ಹೆಣ್ಣುಮಕ್ಕಳ ಜೊತೆ ಕೌನ್ಸೆಲಿಂಗ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ತರಬೇತಿಯಲ್ಲಿ ಕೊಟ್ಟ ಚಿತ್ರದ ಚಾರ್ಟ್ ಬಿಡಿಸಿಕೊಂಡು ಕಾಂಡೋಮ್, ಲೈಂಗಿಕ ರೋಗಗಳ ಪಾಠ ಮಾಡುತ್ತಿದ್ದೆ. ಒಂದು ದಿನ ಒಬ್ಬ ಅಕ್ಕ ಪೂರ್ತಿ ಕೇಳಿಸಿಕೊಂಡು, "ಮೇಡಂ, ಇದನ್ನ ನಾನೇ ಹತ್ತು ಜನಕ್ಕೆ ಹೇಳಿಕೊಟ್ಟಿದ್ದೀನಿ, ಮಂಡಿ ನೋವಿಗೆ ಮಾತ್ರೆ ಇದ್ರೆ ಕೊಡಿ" ಅಂದರು. ಅವತ್ತಿಂದ ಚಾರ್ಟ್ ಚೀಲದಲ್ಲೇ ಇದೆ. ಮೊದಲು ಮಂಡಿ ನೋವಿನ ಮಾತು, ಆಮೇಲೆ ಉಳಿದಿದ್ದು.

ಎಲ್ಲಿ, ಯಾವಾಗ ಮಾತಾಡಬೇಕು ಅನ್ನೋದೇ ಅರ್ಧ ಕೆಲಸ. ತುಮಕೂರಲ್ಲಿ ಇದಕ್ಕೇ ಅಂತ ಒಂದು ಕೇರಿ ಇಲ್ಲ. ಬಸ್‌ಸ್ಟ್ಯಾಂಡ್, ಹೆದ್ದಾರಿ ಪಕ್ಕ, ಈಗಂತೂ ಎಲ್ಲಾ ಫೋನಲ್ಲೇ. ಗುಬ್ಬಿ, ಮಧುಗಿರಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ಕತ್ತಲಾಗುವಷ್ಟರಲ್ಲಿ ಮನೆ ಸೇರುವವರಿದ್ದಾರೆ, ಮನೆಯವರು ಗಾರ್ಮೆಂಟ್ಸ್ ಕೆಲಸ ಅಂದುಕೊಂಡಿರುತ್ತಾರೆ. ಹಾಗಾಗಿ ಬಸ್‌ಸ್ಟ್ಯಾಂಡಲ್ಲಿ ಎದುರಿಗೆ ಸಿಕ್ಕರೆ ಅವರಾಗಿ ಮಾತಾಡಿಸುವ ತನಕ ನೀವು ನಗಬೇಡಿ, ಕೈ ಬೀಸಬೇಡಿ. ಫೋನ್ ಮಾಡೋಕೆ ಯಾವ ಹೊತ್ತು ಸರಿ, ಮಗ ಎತ್ತಿದರೆ ಏನು ಹೇಳಬೇಕು, ಇದನ್ನು ಮೊದಲೇ ಅವರ ಹತ್ತಿರ ಕೇಳಿ ಬರೆದುಕೊಳ್ಳಿ. "ಸಂಘದ ಸಾಲದ ವಿಚಾರ" ಅನ್ನೋದು ನಮ್ಮಲ್ಲಿ ಚೆನ್ನಾಗಿ ನಡೆಯುತ್ತದೆ.

ಕೂತ ತಕ್ಷಣ "ದಿನಕ್ಕೆ ಎಷ್ಟು ಜನ?" ಅಂತ ಶುರು ಮಾಡಬೇಡಿ, ಅದು ಪೊಲೀಸರ ಪ್ರಶ್ನೆ. ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ, ಈ ವಾರ ಏನು ತೊಂದರೆ ಆಯಿತು, ಅಲ್ಲಿಂದ ಬನ್ನಿ. ಅವರು ಹೇಳಿದ್ದು ಈ ಕೋಣೆಯಿಂದ ಆಚೆ ಹೋಗಲ್ಲ ಅಂತ ಬಾಯಿಬಿಟ್ಟು ಹೇಳಿ. ಇದು ಬರೀ ನಿಮ್ಮ ಒಳ್ಳೆತನ ಅಲ್ಲ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಊರಿಗೆ ಹೇಳುವ ಹಾಗೂ ಇಲ್ಲ. ನನ್ನ ಜೊತೆ ಬಂದಿದ್ದ ಒಬ್ಬರ ಹೆಸರನ್ನು ಒಂದು ಆಸ್ಪತ್ರೆಯಲ್ಲಿ ರೋಗದ ಹೆಸರಿನ ಸಮೇತ ಜೋರಾಗಿ ಕೂಗಿದರು. ಅವರು ಮತ್ತೆ ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ. ಅದಕ್ಕೇ ಈಗ ನಾನೇ ಜೊತೆಗೆ ಹೋಗಿ ಕೌಂಟರ್ ಹತ್ತಿರ ನಿಲ್ಲುತ್ತೇನೆ.

ಕಾಯಿಲೆ ವಿಷಯಕ್ಕೆ ಅವರ ಮಾತನ್ನೇ ಬಳಸಿ. "ಬಿಳಿ ಹೋಗ್ತಿದೆ" ಅಂದರೆ ನೀವೂ ಹಾಗೇ ಅನ್ನಿ. ನಮ್ಮ ಕಡೆ ಉರಿ, ಬಿಳಿ, ಕೆರೆತ ಎಲ್ಲಾ ಮೈ ಉಷ್ಣದ ಲೆಕ್ಕಕ್ಕೆ ಹೋಗುತ್ತದೆ, ಎಳನೀರು ಕುಡಿದು ವಾರಗಟ್ಟಲೆ ಕಾಯುತ್ತಾರೆ. ನಗಬೇಡಿ. ಎಳನೀರು ಕುಡೀರಿ, ಜೊತೆಗೆ ಡಾಕ್ಟರಿಗೂ ತೋರಿಸಿ ಅನ್ನಿ. ವಾಸನೆ, ಬಣ್ಣ ಬದಲಾದ ಬಿಳಿ, ಕಿಬ್ಬೊಟ್ಟೆ ನೋವು, ಗುಳ್ಳೆ, ಹುಣ್ಣು ಇವು ಕಂಡರೆ ಕಾಯಬಾರದು. ಸಿಫಿಲಿಸ್ ಹುಣ್ಣಂತೂ ಸಾಮಾನ್ಯವಾಗಿ ನೋಯುವುದೇ ಇಲ್ಲ, ತಾನಾಗೇ ಮಾಯುತ್ತದೆ. ವಾಸಿ ಆಯ್ತು ಅಂದುಕೊಳ್ಳುತ್ತಾರೆ, ರೋಗ ಒಳಗೇ ಇರುತ್ತದೆ. ಹೆಂಗಸರಲ್ಲಿ ಎಷ್ಟೋ ಸೋಂಕು ಏನೂ ತೋರಿಸುವುದಿಲ್ಲ. ಅದಕ್ಕೇ ಮೂರು ತಿಂಗಳಿಗೊಮ್ಮೆ ಡಾಕ್ಟರ ತಪಾಸಣೆ, ಆರು ತಿಂಗಳಿಗೊಮ್ಮೆ ಎಚ್‌ಐವಿ ಮತ್ತು ಸಿಫಿಲಿಸ್ ರಕ್ತಪರೀಕ್ಷೆ. ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಔಷಧಿ ಉಚಿತ, ಒಂದೊಂದು ತೊಂದರೆಗೆ ಒಂದೊಂದು ಬಣ್ಣದ ಪೊಟ್ಟಣ. "ಪಕ್ಕದವಳಿಗೆ ಹಸಿರು ಪೊಟ್ಟಣದಲ್ಲಿ ವಾಸಿ ಆಯ್ತಂತೆ, ನನಗೂ ಅದೇ ಕೊಡಿ" ಅನ್ನುವವರಿದ್ದಾರೆ, ಹಂಚಿಕೊಳ್ಳಬಾರದು ಅಂತ ಬಿಡಿಸಿ ಹೇಳಿ.

ಕಾಂಡೋಮ್ ಹಾಕುವುದು ಅವರಿಗೆ ಗೊತ್ತು. ಗೊತ್ತಿಲ್ಲದಿರುವುದು ಸಣ್ಣ ಸಣ್ಣದು. ಇದು ತೆಂಗಿನ ಸೀಮೆ, ಯಾರ ಮನೇಲಿ ಕೊಬ್ಬರಿ ಎಣ್ಣೆ ಇಲ್ಲ? ಜಾರಲಿ ಅಂತ ಅದನ್ನೇ ಸವರುತ್ತಾರೆ. ಎಣ್ಣೆ ತಾಗಿದರೆ ಕಾಂಡೋಮಿನ ರಬ್ಬರು ಸಡಿಲವಾಗಿ ಹರಿಯುತ್ತದೆ. ನೀರಿನ ಅಂಶದ ಜೆಲ್ ಮಾತ್ರ ಸರಿ. ಹೇಳಿದರೆ ನಂಬಲ್ಲ, ಒಂದು ಕಾಂಡೋಮ್ ಊದಿ ಮೇಲೆ ಎಣ್ಣೆ ಸವರಿ ಅವರ ಮುಂದೆಯೇ ಇಡಿ, ಟೀ ಮುಗಿಯುವಷ್ಟರಲ್ಲಿ ಒಡೆಯುವುದೂ ಉಂಟು. ಜಾಸ್ತಿ ಗಟ್ಟಿ ಅಂತ ಎರಡೆರಡು ಹಾಕುವುದೂ ತಪ್ಪು, ಉಜ್ಜಿ ಹರಿಯುತ್ತವೆ. ಕುಡಿದ ಗಿರಾಕಿ ಹತ್ತಿರ ಆಮೇಲೆ ಜಗಳ ಆಡುವುದಕ್ಕಿಂತ ದುಡ್ಡಿನ ಮಾತಿನ ಜೊತೆಗೇ ಕಾಂಡೋಮಿನ ಮಾತೂ ಮುಗಿಸಬೇಕು. ಇದನ್ನು ಇಬ್ಬಿಬ್ಬರನ್ನು ಕೂರಿಸಿ ನಾಟಕದ ಹಾಗೆ ಆಡಿಸಿ. ಗಿರಾಕಿ ಪಾರ್ಟು ಅವರು ಎಷ್ಟು ಚೆನ್ನಾಗಿ ಮಾಡುತ್ತಾರೆ ಅಂದರೆ ನಕ್ಕು ನಕ್ಕು ಸಾಕಾಗುತ್ತದೆ.

ಕೆಲವರು ಪೊಲೀಸ್ ರೇಡ್ ಭಯಕ್ಕೆ ಕಾಂಡೋಮ್ ಇಟ್ಟುಕೊಂಡೇ ಬರುವುದಿಲ್ಲ. ಕಾಂಡೋಮ್ ಇದ್ದದ್ದನ್ನೇ ಅಪರಾಧಕ್ಕೆ ಸಾಕ್ಷಿ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ಹೇಳಿದೆ, ಇದನ್ನು ತಿಳಿಸಿ.

ಈಗ ಕಷ್ಟದ ವಿಷಯ. ಗಿರಾಕಿ ಹತ್ತಿರ ತಪ್ಪದೆ ಬಳಸುವವರು "ನಮ್ಮವರ" ಹತ್ತಿರ ಬಳಸುವುದಿಲ್ಲ. ಗಂಡ ಇರಬಹುದು, ಇಟ್ಟುಕೊಂಡವನು ಇರಬಹುದು. ಕೇಳಿದರೆ "ಆಪರೇಷನ್ ಆಗಿದೆಯಲ್ಲ ಮೇಡಂ, ಇನ್ಯಾಕೆ?" ಅನ್ನುತ್ತಾರೆ. ಆಪರೇಷನ್ ಆಗಲಿ, ಕಾಪರ್-ಟಿ ಆಗಲಿ ಬಸಿರು ತಡೆಯುತ್ತವೆ, ರೋಗ ತಡೆಯುವುದಿಲ್ಲ. ಇಷ್ಟು ಹೇಳಿ ಸುಮ್ನೆ ಬಿಟ್ಟರೆ ಕೆಲಸ ಆಗಲ್ಲ, ಯಾಕೆಂದರೆ ಅಲ್ಲಿ ಕಾಂಡೋಮ್ ಇಲ್ಲದಿರುವುದೇ ಪ್ರೀತಿಯ ಗುರುತು. "ಅವನನ್ನ ನಂಬಬೇಡಿ" ಅಂದಿರೋ, ಮುಂದಿನ ವಾರ ಬರುವುದೇ ಇಲ್ಲ. ನಾನು ಹಾಗೆ ಮೂವರನ್ನು ಕಳೆದುಕೊಂಡಿದ್ದೇನೆ. ಈಗ ಅವನಿಗೆ ಏನು ಹೇಳಿದರೆ ನಡೆಯುತ್ತೆ ಅಂತ ಅವರನ್ನೇ ಕೇಳುತ್ತೇನೆ. ಒಬ್ಬಾಕೆ ಕಂಡುಕೊಂಡ ದಾರಿ: "ಬಿಳಿ ಹೋಗೋದಕ್ಕೆ ಔಷಧಿ ಕೊಟ್ಟವ್ರೆ, ಮುಗಿಯೋವರೆಗೂ ಹಾಕ್ಕೋಬೇಕಂತೆ, ಇಲ್ಲಾಂದ್ರೆ ನಿಮಗೂ ಉರಿ ಬರ್ತದಂತೆ." ಆ ಮನುಷ್ಯ ಆಮೇಲೆ ತಾನೇ ಕೇಳಿ ತರಿಸಿಕೊಂಡನಂತೆ. ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಬಂದರೆ ಇನ್ನೂ ಒಳ್ಳೆಯದು, ಅದಕ್ಕೆ ತಿಂಗಳುಗಳೇ ಬೇಕು, ಅವಸರ ಮಾಡಬೇಡಿ. ಹೊಡೆಯುವ ಗಂಡಸಾದರೆ ಕಾಂಡೋಮಿನ ಮಾತು ಆಮೇಲೆ, ಮೊದಲು ಮಹಿಳಾ ಸಹಾಯವಾಣಿ 181 ನಂಬರ್ ಕೊಡಿ.

ಕಾಂಡೋಮ್ ಹರಿದರೆ ಏನು ಮಾಡಬೇಕು ಅಂತ ಮೊದಲೇ ಹೇಳಿಟ್ಟಿರಿ. ಡೆಟ್ಟಾಲ್, ಸೋಪು, ನಿಂಬೆಹುಳಿ ಹಾಕಿ ಒಳಗೆ ತೊಳೆಯಬಾರದು, ಗಾಯವಾಗಿ ಸೋಂಕು ಇನ್ನೂ ಸುಲಭಕ್ಕೆ ಹತ್ತುತ್ತದೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಆಮೇಲೆ 28 ದಿನ ಬಿಡದೆ ನುಂಗಬೇಕು. ಬಲಾತ್ಕಾರ ಆಗಿದ್ದರೆ ಯಾವ ಆಸ್ಪತ್ರೆಯೂ ಚಿಕಿತ್ಸೆ ಕೊಡಲ್ಲ ಅನ್ನುವಂತಿಲ್ಲ, ದುಡ್ಡೂ ಕೇಳುವಂತಿಲ್ಲ, ಆಕೆ ಯಾವ ಕೆಲಸದವಳೇ ಆಗಿರಲಿ.

ಪರೀಕ್ಷೆಗೆ ಐಸಿಟಿಸಿಗೆ, ಅಂದರೆ ಸರ್ಕಾರದ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಫೋನಿನಲ್ಲಿ ಕೇಳುವುದಿದ್ದರೆ ಎಚ್‌ಐವಿ ಸಹಾಯವಾಣಿ 1097. ಹೊಸ ಸೋಂಕು ರಕ್ತದಲ್ಲಿ ಕಾಣೋಕೆ ಮೂರು ತಿಂಗಳವರೆಗೂ ಹಿಡಿಯಬಹುದು, ಒಂದು ನೆಗೆಟಿವ್ ನೋಡಿ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಪಾಸಿಟಿವ್ ಬಂದ ದಿನ ಮಾತು ಕಡಿಮೆ ಮಾಡಿ. ಪಕ್ಕದಲ್ಲಿ ಕೂತಿರಿ, ಬಸ್ಸು ಹತ್ತಿಸಿ ಬನ್ನಿ. ದಿನಾ ಮಾತ್ರೆ ತಗೊಂಡರೆ ಎಲ್ಲರ ಹಾಗೆ ಬದುಕಬಹುದು, ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಇಳಿದು ಹಾಗೇ ಉಳಿದರೆ ಸೇರುವುದರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ, ಇವೆಲ್ಲಾ ಎರಡನೇ ಭೇಟಿಗೆ. ಮೊದಲ ದಿನ ಕಿವಿಗೆ ಏನೂ ಇಳಿಯಲ್ಲ. ಮೂವತ್ತು ದಾಟಿದವರಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನೂ ನೆನಪಿಸಿ, ಎಚ್‌ಐವಿ ಇದ್ದವರಿಗೆ ಅದು ಇನ್ನೂ ಮುಖ್ಯ.

ಎದುರಿಗೆ ಕೂತವಳಿಗೆ ಹದಿನೆಂಟು ಆಗಿಲ್ಲ ಅನ್ನಿಸಿದರೆ ದಾರಿ ಬೇರೆ. ಅದು ವೃತ್ತಿ ಅಲ್ಲ, ಮಗುವಿನ ಮೇಲಿನ ದೌರ್ಜನ್ಯ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ತಡ ಮಾಡಬೇಡಿ.

ಮುಂದಿನ ಭೇಟಿಗೆ ತಾರೀಖು ನೀವು ಹಾಕಬೇಡಿ. ಅವರು ಯಾವತ್ತು ಪೇಟೆಗೆ ಬರುತ್ತಾರೆ, ವಾಪಸ್ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿ. ಮಧುಗಿರಿಯ ಕೊನೇ ಬಸ್ಸು ತಪ್ಪಿಸಿದ ಕೌನ್ಸೆಲರ್ ಹತ್ತಿರ ಯಾರೂ ಎರಡನೇ ಸಲ ಬರಲ್ಲ.