ಹಾಸನದಲ್ಲಿ ಫಿಸ್ಟುಲಾ ಆಪರೇಷನ್: ನಾನು ಮಾಡುವ ರೀತಿ

ನನ್ನ ಓಪಿಡಿಗೆ ಬರುವ ಫಿಸ್ಟುಲಾ ರೋಗಿಗಳಲ್ಲಿ ಅರ್ಧಕ್ಕರ್ಧ ಜನ ಹೊಸಬರಲ್ಲ. ಎಲ್ಲೋ ಒಂದು ಕಡೆ ಕೀವು ತೆಗೆಸಿಕೊಂಡು, ಇನ್ನೊಂದು ಕಡೆ ಆಪರೇಷನ್ ಮಾಡಿಸಿಕೊಂಡು, ಮತ್ತೆ ಸೋರಲು ಶುರುವಾದ ಮೇಲೆ ಫೈಲು ಹಿಡಿದು ಬಂದವರು. ಅರಕಲಗೂಡಿನ ಶುಂಠಿ ಬೆಳೆಗಾರ ಇರಲಿ, ಸಕಲೇಶಪುರದ ತೋಟದ ರೈಟರ್ ಇರಲಿ, ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಇರಲಿ, ಹೇಳುವುದು ಹೆಚ್ಚುಕಡಿಮೆ ಒಂದೇ: "ಕೂರೋ ಜಾಗದಲ್ಲಿ ಕುರು ಆಗಿತ್ತು ಸಾರ್. ಒಡೀತು, ವಾಸಿ ಆಯ್ತು ಅನ್ಕೊಂಡೆ. ಮತ್ತೆ ಬಂತು." ಚಡ್ಡಿಯೊಳಗೆ ಹಳೇ ಪಂಚೆಯ ತುಂಡು ಮಡಿಸಿಟ್ಟುಕೊಂಡು, ಬೆಂಚಿನ ಮೇಲೆ ಒಂದೇ ಪಕ್ಕಕ್ಕೆ ಭಾರ ಹಾಕಿ ಕೂತಿರುತ್ತಾರೆ. ಹೆಸರು ಬರೆಯುವ ಮೊದಲೇ ನಮ್ಮ ಸಿಸ್ಟರ್‌ಗೆ ಕಾಯಿಲೆ ಏನೆಂದು ಗೊತ್ತಾಗಿರುತ್ತದೆ.

ಗುದದ್ವಾರದ ಒಳಗೆ, ಬೆರಳಿನ ಮೊದಲ ಗಿಣ್ಣಿನಷ್ಟು ಒಳಕ್ಕೆ, ಡೆಂಟೇಟ್ ಲೈನ್ ಎಂಬ ಗೆರೆಯಿದೆ. ಅಲ್ಲಿ ಸಣ್ಣ ಸಣ್ಣ ಗ್ರಂಥಿಗಳ ಬಾಯಿ ತೆರೆದುಕೊಳ್ಳುತ್ತವೆ. ಒಂದು ಗ್ರಂಥಿ ಕಟ್ಟಿಕೊಂಡು ಸೋಂಕಾದರೆ ಕೀವು ಸ್ನಾಯುಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಹೊರಗೆ ಚರ್ಮದ ಹತ್ತಿರ ಬಂದು ನಿಲ್ಲುತ್ತದೆ. ಅದು ಕುರು. ಒಡೆದ ಮೇಲೂ ಒಳಬಾಯಿ ಮುಚ್ಚದೆ ಉಳಿದರೆ ಅದೇ ಫಿಸ್ಟುಲಾ, ಆಯುರ್ವೇದದವರು ಭಗಂದರ ಎನ್ನುವುದು. ಕುರು ಕೊಯ್ಸಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗಾದರೂ ಹೀಗಾಗುತ್ತದೆ. ಗದ್ದೆ ಮಾಡುವವರಿಗೆ ನಾನು ಹೇಳುವುದು ಇಷ್ಟು: ಬದುವಿನಲ್ಲಿ ಏಡಿ ಬಿಲ ಬಿದ್ದು ನೀರು ಸೋರುವಾಗ ಕೆಳಗದ್ದೆ ಕಡೆ ಮಣ್ಣು ಮೆತ್ತಿದರೆ ನಿಲ್ಲುತ್ತದೆಯೇ? ನೀರು ನಿಂತಿರುವ ಕಡೆಯ ಬಾಯಿ ಹುಡುಕಿ ಮುಚ್ಚಬೇಕು. ಇದಾದ ಮೇಲೆ "ಮುಲಾಮು ಹಚ್ಚಿದ್ರೆ ಹೋಗಲ್ವಾ" ಎಂಬ ಪ್ರಶ್ನೆ ಬರುವುದಿಲ್ಲ.

ಹಾಗಾದರೆ ಇಡೀ ದಾರಿಯನ್ನು ಸೀಳಿಬಿಟ್ಟರಾಯಿತಲ್ಲ ಎಂದರೆ, ಮಧ್ಯೆ ಸ್ನಾಯು ಇದೆ. ಒಳ ಸ್ಫಿಂಕ್ಟರ್ ನಮ್ಮ ಅರಿವಿಲ್ಲದೆ ಹಗಲೂ ರಾತ್ರಿ ಬಿಗಿದುಕೊಂಡಿರುತ್ತದೆ, ಹೊರ ಸ್ಫಿಂಕ್ಟರ್ ನಾವು ಬೇಕೆಂದಾಗ ಬಿಗಿಯುವಂಥದ್ದು. ಎರಡನ್ನೂ ಜಾಸ್ತಿ ಕೊಯ್ದರೆ ಮೊದಲು ಗ್ಯಾಸ್ ಹಿಡಿತ ತಪ್ಪುತ್ತದೆ, ಆಮೇಲೆ ತೆಳು ಮಲ, ಕೊನೆಗೆ ಗಟ್ಟಿ ಮಲವೂ. ಫಿಸ್ಟುಲಾ ವಾಸಿಯಾಗಿದೆ, ಆದರೆ ಮದುವೆ ಮನೆ ಪಂಕ್ತಿಯಲ್ಲಿ ಕೂರಲು ಹೆದರುತ್ತಾರೆ; ಅಂಥವರನ್ನು ನೋಡಿದ್ದೇನೆ. ಸೋರುವ ಫಿಸ್ಟುಲಾ ಇದ್ದುಕೊಂಡೇ ಬದುಕಬಹುದು, ಹಿಡಿತ ತಪ್ಪಿದ ಗುದ ಇಟ್ಟುಕೊಂಡು ಬದುಕುವುದು ಕಷ್ಟ. ನನ್ನ ಕೆಲಸದ ಕ್ರಮವೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಪರೀಕ್ಷೆ ಶುರುವಾಗುವುದು ಬೆರಳಿನಿಂದ. ಹೊರಬಾಯಿ ಎಲ್ಲಿದೆ ಎಂದು ಗಡಿಯಾರದ ಲೆಕ್ಕದಲ್ಲಿ ಬರೆದುಕೊಳ್ಳುತ್ತೇನೆ, ಮಲಗಿಸಿದಾಗ ಮುಂಭಾಗ 12, ಬೆನ್ನಿನ ಕಡೆ 6. ಗುಡ್ಸಾಲ್ ನಿಯಮದ ಪ್ರಕಾರ ಮುಂಭಾಗದಲ್ಲಿ ಬಾಯಿ ಇದ್ದರೆ ದಾರಿ ಸಾಮಾನ್ಯವಾಗಿ ನೇರ, ಹಿಂಭಾಗದಲ್ಲಿದ್ದರೆ ಬಳಸಿಕೊಂಡು ಹೋಗಿ 6 ಗಂಟೆಯ ಜಾಗದಲ್ಲಿ ತೆರೆದುಕೊಳ್ಳುತ್ತದೆ. ಮುಂದೆಯೇ ಇದ್ದರೂ ಗುದದಿಂದ 3 ಸೆಂಟಿಮೀಟರಿಗಿಂತ ದೂರವಿದ್ದರೆ ಅದೂ ಹಿಂದಕ್ಕೆ ಬಳಸಬಹುದು. ಹಿಂಭಾಗದ ಫಿಸ್ಟುಲಾಗಳಿಗೆ ಈ ನಿಯಮ ಚೆನ್ನಾಗಿ ಹೊಂದುತ್ತದೆ, ಮುಂಭಾಗದವಕ್ಕೆ ಅಷ್ಟಾಗಿ ನಂಬುವುದಿಲ್ಲ. ಚರ್ಮದ ಮೇಲೆ ಬೆರಳು ಒತ್ತಿ ಸವರಿದರೆ ಮೇಲ್ಮಟ್ಟದ ದಾರಿ ಗಟ್ಟಿ ಹುರಿಯಂತೆ ಸಿಗುತ್ತದೆ. ಸಿಗದಿದ್ದರೆ ದಾರಿ ಆಳದಲ್ಲಿದೆ ಎಂದೇ ಅರ್ಥ. ಆಗ ಎಂಆರ್‌ಐ ಮಾಡಿಸದೆ ಮುಟ್ಟುವುದಿಲ್ಲ. ಹಿಂದೆ ಆಪರೇಷನ್ ಆದವರು, ಎರಡು ಮೂರು ಬಾಯಿ ಇರುವವರು, ಮುಂಭಾಗದಲ್ಲಿ ಫಿಸ್ಟುಲಾ ಇರುವ ಹೆಂಗಸರು, ಇವರಿಗೂ ಅಷ್ಟೇ. ಖರ್ಚಿನ ಮಾತು ಬರುತ್ತದೆ. ಎರಡನೇ ಆಪರೇಷನ್ನಿನ ಖರ್ಚಿಗಿಂತ ಇದು ಕಡಿಮೆ ಎಂದು ಹೇಳಿ ಒಪ್ಪಿಸುತ್ತೇನೆ.

ಹೆಂಗಸರು ಬರುವುದೇ ತಡ. ಗಂಡನಿಗೂ ಹೇಳದೆ ವರ್ಷಗಟ್ಟಲೆ ಬಟ್ಟೆ ಇಟ್ಟುಕೊಂಡು ತೋಟದ ಕೆಲಸ ಮಾಡಿದವರಿದ್ದಾರೆ. ಅವರಲ್ಲಿ ಮುಂಭಾಗದ ಸ್ನಾಯು ಮೊದಲೇ ಗಿಡ್ಡ, ಹೆರಿಗೆಯಲ್ಲಿ ಹರಿದಿದ್ದರಂತೂ ಇನ್ನೂ ತೆಳು. ಅಲ್ಲಿ ಸ್ವಲ್ಪ ಕೊಯ್ದರೂ ಹೆಚ್ಚೇ. ನಾಚಿಕೆಪಡುವ ಗಂಡಸರಿಗೆ ಫ್ರಾನ್ಸಿನ ರಾಜ 14ನೇ ಲೂಯಿ ಕಥೆ ಹೇಳುತ್ತೇನೆ. ಅವನಿಗೂ ಇದೇ ಆಗಿತ್ತು, 1686ರಲ್ಲಿ ಆಪರೇಷನ್ ಆಯಿತು. ಮಾಡಿದ ಸರ್ಜನ್ ಫೆಲಿಕ್ಸ್ ಅದಕ್ಕೆ ಮೊದಲು ತಿಂಗಳುಗಟ್ಟಲೆ ಬಡ ರೋಗಿಗಳ ಮೇಲೆ ಕೈ ಪಳಗಿಸಿಕೊಂಡಿದ್ದನಂತೆ. ಈ ಕೊನೆಯ ಭಾಗ ರೋಗಿಗೆ ಹೇಳುವುದಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಒಂದು ಎನಿಮಾ ಸಾಕು. ಅರಿವಳಿಕೆ ಸ್ಯಾಡಲ್ ಬ್ಲಾಕ್: ಕೂರಿಸಿಯೇ ಬೆನ್ನಿಗೆ ಚುಚ್ಚಿ, ಸ್ವಲ್ಪ ಹೊತ್ತು ಹಾಗೇ ಕೂರಿಸಿದರೆ ಮರಗಟ್ಟುವುದು ಕೂರುವ ಜಾಗ ಮಾತ್ರ. ಮಲಗಿಸಿದ ಮೇಲೆ ಪ್ರಾಕ್ಟೋಸ್ಕೋಪ್ (ಗುದದೊಳಗೆ ನೋಡುವ ಕೊಳವೆ) ಇಟ್ಟು ಇನ್ನೊಮ್ಮೆ ನಿಧಾನವಾಗಿ ನೋಡುತ್ತೇನೆ. ಹೊರಬಾಯಿಯೊಳಗೆ ಐವಿ ಕ್ಯಾನುಲಾದ ಮೆತ್ತನೆ ಕೊಳವೆ ತೂರಿಸಿ, ಸಲೈನ್ ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡನ್ನು ಒಂದೆರಡು ಎಂಎಲ್ ತಳ್ಳಿದರೆ, ಒಳಬಾಯಿ ಇರುವ ಕಡೆ ಬಿಳಿ ನೊರೆ ಗುಳುಗುಳು ಎಂದು ಏಳುತ್ತದೆ. ಎಷ್ಟು ಸಲ ನೋಡಿದರೂ ಆ ನೊರೆ ಕಂಡಾಗ ಮನಸ್ಸು ಹಗುರಾಗುತ್ತದೆ. ಇದಕ್ಕೇ ಬಳಸುವ ಮೆಥಿಲೀನ್ ಬ್ಲೂ ಎಂಬ ಬಣ್ಣ ನನಗೆ ಹಿಡಿಸುವುದಿಲ್ಲ, ಒಂದು ಹನಿ ಹೆಚ್ಚಾದರೂ ಎಲ್ಲ ನೀಲಿಯಾಗಿ ಏನೂ ಕಾಣುವುದಿಲ್ಲ. ಆಮೇಲೆ ಪ್ರೋಬ್, ದಾರಿಯೊಳಗೆ ತೂರಿಸುವ ಮೊಂಡು ತುದಿಯ ತೆಳು ಕಡ್ಡಿ. ಅದರ ವಿಷಯದಲ್ಲಿ ಜೂನಿಯರ್‌ಗಳಿಗೆ ಮತ್ತೆ ಮತ್ತೆ ಹೇಳುವುದು, ಒತ್ತಬೇಡಿ. ಪ್ರೋಬ್ ತಾನಾಗಿ ಹೋದಷ್ಟು ಹೋಗಲಿ. ಒತ್ತಿದರೆ ಸುಳ್ಳು ದಾರಿಯೊಂದು ತಯಾರಾಗುತ್ತದೆ. ನಿಜವಾದ ಒಳಬಾಯಿ ಹಾಗೇ ಉಳಿದು ನಮ್ಮ ಕೈಯಾರೆ ಇನ್ನೊಂದು ಫಿಸ್ಟುಲಾ ಆಗುತ್ತದೆ.

ಪ್ರೋಬ್ ದಾಟಿದ ಮೇಲೆ ಅದರ ಮೇಲೆ ಎಷ್ಟು ಸ್ನಾಯು ಕೂತಿದೆ ಎಂದು ಬೆರಳಿನಿಂದ ಅಳೆಯುತ್ತೇನೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಸರ್ಜನ್ ಪಾರ್ಕ್ಸ್ 1976ರಲ್ಲಿ 400 ರೋಗಿಗಳನ್ನು ನೋಡಿ, ದಾರಿ ಸ್ನಾಯುವನ್ನು ಹೇಗೆ ದಾಟುತ್ತದೆ ಎಂಬುದರ ಮೇಲೆ ಮಾಡಿದ ನಾಲ್ಕು ವಿಂಗಡಣೆಯನ್ನೇ ಇವತ್ತಿಗೂ ಬಳಸುತ್ತೇವೆ. ಥಿಯೇಟರಿನಲ್ಲಿ ನನಗೆ ಬೇಕಾದ ಉತ್ತರ ಮಾತ್ರ ಒಂದೇ: ಸೀಳಬಹುದೇ, ಸೀಳಬಾರದೇ. ಎರಡು ಸ್ನಾಯುಗಳ ನಡುವಿನ ದಾರಿಯಾಗಿದ್ದರೆ, ಅಥವಾ ಹೊರ ಸ್ಫಿಂಕ್ಟರಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಸಿಕ್ಕಿದ್ದರೆ ಸೀಳಿ ತೆರೆದಿಡುತ್ತೇನೆ. ಅದೇ ಫಿಸ್ಟುಲಾಟಮಿ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ಒಂದೇ ಸಲಕ್ಕೆ ವಾಸಿ. ದಾರಿಯನ್ನು ಪೂರ್ತಿ ಕೆತ್ತಿ ತೆಗೆಯುವ ಫಿಸ್ಟುಲೆಕ್ಟಮಿ ನಮ್ಮ ಕಡೆ ಇನ್ನೂ ಬಹಳ ನಡೆಯುತ್ತದೆ. ಗಾಯ ದೊಡ್ಡದಾಗುತ್ತದೆ, ಮಾಯಲು ಹೆಚ್ಚು ದಿನ ಬೇಕು, ಲಾಭ ನನಗಂತೂ ಕಂಡಿಲ್ಲ. ಯಾವುದು ಮಾಡಿದರೂ ಗೋಡೆಯ ಒಂದು ಚೂರು ಬಯಾಪ್ಸಿಗೆ ಹೋಗಲೇಬೇಕು. ಟಿಬಿಯಿಂದಾದ ಫಿಸ್ಟುಲಾ ನಮ್ಮಲ್ಲಿ ಅಪರೂಪವಲ್ಲ. ಅದನ್ನು ಎಷ್ಟು ಕೊಯ್ದರೂ ಮಾಯುವುದಿಲ್ಲ, ಟಿಬಿ ಮಾತ್ರೆ ಶುರುವಾದ ಮೇಲೆ ಒಣಗುತ್ತದೆ.

ಸೀಳಬಾರದ ದಾರಿಗೆ ಸೀಟನ್ ಹಾಕುತ್ತೇನೆ. ಒಳಬಾಯಿಯಿಂದ ಹೊರಬಾಯಿಗೆ ದಪ್ಪ ನೂಲೋ ಸಣ್ಣ ಸಿಲಿಕಾನ್ ಕೊಳವೆಯೋ ತೂರಿಸಿ, ಸಡಿಲವಾಗಿ ಬಳೆ ಕಟ್ಟುವುದು. ಅದು ಸ್ನಾಯುವನ್ನು ಕೊಯ್ಯುವುದಿಲ್ಲ, ಕೀವು ನಿಲ್ಲದ ಹಾಗೆ ದಾರಿ ತೆರೆದಿಡುತ್ತದೆ, ಅಷ್ಟೇ. ಎರಡು ಮೂರು ತಿಂಗಳಲ್ಲಿ ಸುತ್ತಲಿನ ಊತ ಇಳಿದು ದಾರಿ ಸ್ಪಷ್ಟವಾದಾಗ ಲಿಫ್ಟ್ (LIFT) ಎಂಬ ಎರಡನೇ ಆಪರೇಷನ್. ಬ್ಯಾಂಕಾಕಿನ ಸರ್ಜನ್ ರೋಜನಸಕುಲ್ 2007ರಲ್ಲಿ ಪ್ರಕಟಿಸಿದ ವಿಧಾನ ಇದು: ಎರಡು ಸ್ನಾಯುಗಳ ನಡುವೆ ಇಳಿದು, ಒಳಬಾಯಿಯ ಹತ್ತಿರವೇ ದಾರಿಯನ್ನು ಕಟ್ಟಿ ಕತ್ತರಿಸುವುದು. ಸ್ನಾಯು ಒಂದು ಎಳೆಯೂ ಕಡಿಯುವುದಿಲ್ಲ. ಎಲ್ಲರಿಗೂ ಫಲಿಸುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಷ್ಟ ಇರುವುದು ಆ ಎರಡು ಮೂರು ತಿಂಗಳಲ್ಲಿ. "ದಾರ ಇಟ್ಟು ಕಳಿಸ್ತಿದ್ದೀರಲ್ಲ ಸಾರ್, ಆಪರೇಷನ್ ಮುಗೀಲಿಲ್ವಾ?" ಎಂದು ಕೇಳದವರಿಲ್ಲ. ಕಾಫಿ ಕೊಯ್ಲು ಮುಗಿಯಲಿ, ಹಾಸನಾಂಬೆ ಬಾಗಿಲು ತೆಗೆದು ಮುಚ್ಚಲಿ ಎಂದು ದಿನ ಮುಂದೂಡಿ ಬಂದವರಿಗೆ, ಬಂದ ಮೇಲೆ ಮಾತ್ರ ಎಲ್ಲ ಒಂದೇ ದಿನದಲ್ಲಿ ಆಗಬೇಕು. ಸೀಟನ್ ಇಟ್ಟುಕೊಂಡೇ ತೋಟಕ್ಕೆ ಹೋಗಬಹುದು, ಬಸ್ಸು ಹತ್ತಬಹುದು, ಸ್ನಾನ ಮಾಡಬಹುದು. ಇದನ್ನು ಮನೆಯವರನ್ನೂ ಕೂರಿಸಿಕೊಂಡು ಹೇಳದಿದ್ದರೆ ಅರ್ಧ ಜನ ಬೇರೆ ಕಡೆ ಹೋಗಿ ದಾರ ಕಿತ್ತಿಸಿಕೊಳ್ಳುತ್ತಾರೆ.

ಕೆಲವರು ನೇರವಾಗಿ ಕ್ಷಾರಸೂತ್ರದ, ಅಂದರೆ ಔಷಧಿ ಲೇಪಿಸಿದ ದಾರ ಕಟ್ಟುವ ಆಯುರ್ವೇದ ಚಿಕಿತ್ಸೆಯ, ಬಗ್ಗೆ ಕೇಳುತ್ತಾರೆ. ತಣ್ಣೀರುಹಳ್ಳದ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಆಸ್ಪತ್ರೆ ಊರಲ್ಲೇ ಇರುವಾಗ ಕೇಳುವುದು ಸಹಜ. ನಾನು ಅಡ್ಡ ಮಾತಾಡುವುದಿಲ್ಲ. ಲಿನನ್ ದಾರಕ್ಕೆ 21 ಲೇಪ: 11 ಸಲ ಎಲೆಗಳ್ಳಿ ಹಾಲು, 7 ಸಲ ಅದರ ಜೊತೆ ಉತ್ತರಾಣಿ ಕ್ಷಾರ, 3 ಸಲ ಅರಿಶಿನ. ಪ್ರತಿ ವಾರ ದಾರ ಬದಲಾಯಿಸುತ್ತ ಹೋದಂತೆ ಅದು ನಿಧಾನವಾಗಿ ಕೊಯ್ಯುತ್ತದೆ, ಹಿಂದೆ ಮಾಯುತ್ತಲೂ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಲವು ಕೇಂದ್ರಗಳಲ್ಲಿ ಹೋಲಿಸಿ ನೋಡಿ 1991ರಲ್ಲಿ ಪ್ರಕಟಿಸಿದಾಗ, ವರ್ಷದೊಳಗೆ ಮರುಕಳಿಸಿದ್ದು ಕ್ಷಾರಸೂತ್ರದಲ್ಲಿ 4%, ಶಸ್ತ್ರಚಿಕಿತ್ಸೆಯಲ್ಲಿ 11%. ಮಾಯಲು ಮಾತ್ರ ಸುಮಾರು ಎರಡರಷ್ಟು ಕಾಲ ಬೇಕಾಯಿತು. ಹೆಚ್ಚು ಸ್ನಾಯು ಸಿಗದ ಕೆಳಮಟ್ಟದ ಫಿಸ್ಟುಲಾಕ್ಕೆ, ವಾರವಾರ ಬರಲು ಆಗುವವರಿಗೆ ಒಳ್ಳೆಯದೇ. ಹೆಚ್ಚು ಸ್ನಾಯು ಸಿಗುವ ಎತ್ತರದ ದಾರಿಗೆ, ಮುಂಭಾಗದ ಹೆಂಗಸರ ಫಿಸ್ಟುಲಾಕ್ಕೆ ಬೇಡ ಎನ್ನುತ್ತೇನೆ, ಏಕೆಂದರೆ ನಿಧಾನವಾಗಿ ಕೊಯ್ದರೂ ಕೊಯ್ದದ್ದು ಸ್ನಾಯುವೇ. ಬಸ್ ನಿಲ್ದಾಣದ ಗೋಡೆಯ ಪೋಸ್ಟರ್ ನೋಡಿ, ಪದವಿಯಿಲ್ಲದವರ ಹತ್ತಿರ ಖಾರದ ಔಷಧಿ ಚುಚ್ಚಿಸಿಕೊಂಡು ಗುದದ್ವಾರ ಕಿರುಬೆರಳೂ ಹೋಗದಷ್ಟು ಕಿರಿದಾಗಿಸಿಕೊಂಡು ಬರುವವರದು ಬೇರೆಯೇ ಕಥೆ. ಅದನ್ನು ಕ್ಷಾರಸೂತ್ರದ ಲೆಕ್ಕಕ್ಕೆ ಸೇರಿಸಬಾರದು.

ಈಗ ಎಲ್ಲರ ಬಾಯಲ್ಲೂ ಲೇಸರ್. ದಾರಿಯೊಳಗೆ ಫೈಬರ್ ತೂರಿಸಿ ಸುಡುವುದು; ಸ್ನಾಯು ಉಳಿಯುತ್ತದೆ, ನೋವು ಕಡಿಮೆ, ಮೂರರಲ್ಲಿ ಎರಡು ಪಾಲು ಜನರಿಗೆ ವಾಸಿಯಾಗಬಹುದು. ಸೀಳಿದರೆ ಹೋಗುವ ಸಣ್ಣ ಫಿಸ್ಟುಲಾಕ್ಕೆ ದುಬಾರಿ ಲೇಸರ್ ಯಾಕೆ ಎಂಬುದಷ್ಟೇ ನನ್ನ ತಕರಾರು.

ಕುರು ಇನ್ನೂ ಒಡೆಯದೆ ಬಂದವರನ್ನು ಅದೇ ದಿನ ಥಿಯೇಟರಿಗೆ ಒಯ್ಯುತ್ತೇನೆ. ಹಣ್ಣಾಗಲಿ ಎಂದು ಅಕ್ಕಿ ಹಿಟ್ಟಿನ ಪಟ್ಟು ಕಟ್ಟಿ, ಆಂಟಿಬಯೋಟಿಕ್ ನುಂಗಿ ಕಾಯುವುದು ಅಪಾಯ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ. ಒಂದೆರಡು ದಿನದಲ್ಲಿ ವೃಷಣದ ಚರ್ಮದವರೆಗೂ ಕೊಳೆತು ಜೀವಕ್ಕೇ ಬರುತ್ತದೆ. ಗೀರು ಹಾಕುವಾಗ ಗುದದ ಅಂಚಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಹಾಕುತ್ತೇನೆ. ಮುಂದೆ ಫಿಸ್ಟುಲಾ ಆದರೂ ದಾರಿ ಗಿಡ್ಡವಾಗಿರುತ್ತದೆ.

ಆಪರೇಷನ್ ಆದ ಮೇಲಿನ ಡ್ರೆಸ್ಸಿಂಗ್ ವಿಷಯದಲ್ಲಿ ನಾನು ಹಟಮಾರಿ. ಗಾಯ ತಳದಿಂದ ತುಂಬಿಕೊಂಡು ಬರಬೇಕು. ಮೇಲಿನ ಚರ್ಮ ಮೊದಲು ಕೂಡಿಬಿಟ್ಟರೆ ಒಳಗೆ ಪೊಳ್ಳು ಉಳಿದು ಮತ್ತೆ ಮೊದಲಿನ ಕಥೆ. ಅದಕ್ಕೇ ವಾರಕ್ಕೊಮ್ಮೆ ಕರೆಸಿ ಬೆರಳಾಡಿಸಿ ನೋಡುತ್ತೇನೆ. ಮನೆಯಲ್ಲಿ ಟಬ್ಬಿನ ಬಿಸಿನೀರಿನಲ್ಲಿ ದಿನಕ್ಕೆ ಎರಡು ಮೂರು ಸಲ ಕೂರುವುದು, ರಾತ್ರಿ ಇಸಬ್ಗೋಲ್. ಮುದ್ದೆ, ಸೊಪ್ಪಿನ ಸಾರು ಧಾರಾಳವಾಗಿ ತಿನ್ನಿ. ಮುದ್ದೆ ಬಿಡಬೇಕಾ ಎಂದು ಕೇಳುವವರಿಗೆ ಬಿಡಬೇಕಾದ್ದು ಬೀಡಿ ಎನ್ನುತ್ತೇನೆ.

ಡಿಸ್‌ಚಾರ್ಜ್ ಹಾಳೆಯಲ್ಲಿ ಒಂದು ವೃತ್ತ ಬರೆದು 12, 3, 6, 9 ಗುರುತು ಹಾಕಿ, ಹೊರಬಾಯಿ ಎಲ್ಲಿತ್ತು, ಒಳಬಾಯಿ ಎಷ್ಟು ಗಂಟೆಗೆ ಸಿಕ್ಕಿತು, ಯಾವ ಸ್ನಾಯು ಎಷ್ಟು ಕೊಯ್ದೆ, ಸೀಟನ್ ಇದೆಯೇ ಇಲ್ಲವೇ ಎಂದು ಕೈಯಲ್ಲೇ ಚಿತ್ರ ಬರೆದು ಕೊಡುತ್ತೇನೆ. ಬೇರೆ ಊರುಗಳಿಂದ ಬರುವ ಎಷ್ಟೋ ಫೈಲುಗಳಲ್ಲಿ "ಫಿಸ್ಟುಲಾ ಆಪರೇಷನ್ ಆಗಿದೆ" ಎಂಬ ಒಂದೇ ಸಾಲಿರುತ್ತದೆ, ಅದರಿಂದ ಮುಂದಿನವನಿಗೆ ಏನೂ ತಿಳಿಯುವುದಿಲ್ಲ. ಆ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಿ, ನಾಳೆ ಮಂಗಳೂರಿಗೆ ಹೋದರೂ ಬೆಂಗಳೂರಿಗೆ ಹೋದರೂ ಮೊದಲು ಅದನ್ನೇ ತೋರಿಸಿ ಎಂದು ಹೇಳಿ ಕಳಿಸುತ್ತೇನೆ.