ತಾರಸಿಯ ಮೇಲೆ ಸಂಜೆಮಲ್ಲಿಗೆಯ ಮೂರು ತಲೆಮಾರು

ಪದವಿಪೂರ್ವ ತರಗತಿಗೆ ಜೀವಶಾಸ್ತ್ರ ಕಲಿಸುವ ನಾನು ಅಪೂರ್ಣ ಪ್ರಾಬಲ್ಯದ (ಎರಡು ಗುಣಗಳಲ್ಲಿ ಯಾವುದೂ ಇನ್ನೊಂದನ್ನು ಪೂರ್ತಿ ಮರೆಮಾಡದೆ ನಡುವಿನ ರೂಪ ಕಾಣುವುದು) ಪಾಠವನ್ನು ಹಲಗೆಯ ಮೇಲೆ ವಂಶವಾಹಿಗಳ ಜೋಡಣೆಯ ಚೌಕ ಬರೆದೇ ಮುಗಿಸುತ್ತಿದ್ದೆ. ಚೌಕದೊಳಗಿನ ಅಕ್ಷರಗಳು ಹೂಗಳಾಗಿ ಅರಳುವುದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲದಿಂದ ಬಸವನಗುಡಿಯ ನಮ್ಮ ಮನೆಯ ತಾರಸಿಯಲ್ಲಿ ಸಂಜೆಮಲ್ಲಿಗೆ ಬೆಳೆಸಿದೆ. 1900ರಲ್ಲಿ ಅನುವಂಶೀಯತೆಯ ಬಗೆಗಿನ ಮೆಂಡಲನ ನಿಯಮಗಳನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬರಾದ ಕಾರ್ಲ್ ಕೊರೆನ್ಸ್ ಅಭ್ಯಸಿಸಿದ್ದ ಗಿಡವಿದು.

ಮೊದಲು ಕೆಂಪು ಮತ್ತು ಬಿಳಿ ಗಿಡಗಳ ಮೊಗ್ಗುಗಳಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಅವುಗಳ ಸ್ವಂತ ಪರಾಗದಿಂದಲೇ ಆದ ಬೀಜಗಳನ್ನು ಬಿತ್ತಿ, ಕೆಂಪಿನಿಂದ ಕೆಂಪು, ಬಿಳಿಯಿಂದ ಬಿಳಿ ಮಾತ್ರ ಬರುವುದನ್ನು ಖಚಿತಪಡಿಸಿಕೊಂಡೆ. ಅವಸರದವರು ಬಿಟ್ಟುಬಿಡುವ ಈ ಹಂತವೇ ಉಳಿದೆಲ್ಲಕ್ಕೂ ಆಧಾರ.

ಸಂಜೆ ಅರಳಲಿರುವ ಬಿಳಿ ಮೊಗ್ಗನ್ನು ಮಧ್ಯಾಹ್ನವೇ ಸೂಜಿಯಿಂದ ಬಿಡಿಸಿ, ಪರಾಗ ಹೊರುವ ಕೇಸರಗಳನ್ನೆಲ್ಲ ಚಿಮಟದಿಂದ ಕಿತ್ತು, ಕೆಂಪು ಹೂ ಅರಳಿದೊಡನೆ ಅದರ ಪರಾಗವನ್ನು ಬಿಳಿ ಹೂವಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿಯುವ ತುದಿಗೆ, ಸವರುತ್ತಿದ್ದೆ. ಮುಸ್ಸಂಜೆಗೆ ಪತಂಗಗಳು ಬರುವುದರಿಂದ ಮತ್ತೆ ಚೀಲ ಕಟ್ಟಲೇಬೇಕು. ಒಂದು ಹೂವಿಗೆ ಮೆಣಸಿನಕಾಳಿನಂಥ ಒಂದೇ ಬೀಜವಾದ್ದರಿಂದ ಈ ಕೆಲಸ ವಾರಗಟ್ಟಲೆ ನಡೆಯಿತು. ಮೊದಲ ಸಲದ ಸಸಿಗಳಲ್ಲಿ ಮೂರು ಬಿಳಿ ಹೂ ಬಿಟ್ಟವು. ನಾನು ಕೇಸರ ಕೀಳುವಷ್ಟರಲ್ಲಿ ಆ ಮೊಗ್ಗುಗಳಲ್ಲಿ ಸ್ವಕೀಯ ಪರಾಗಸ್ಪರ್ಶ ಆಗಿಹೋಗಿತ್ತು. ಎರಡನೆಯ ಸಲ ಇನ್ನೂ ಎಳೆಯ ಮೊಗ್ಗುಗಳನ್ನು ಆರಿಸಿಕೊಂಡೆ. ಆಗ ಬಂದವೆಲ್ಲ ಗುಲಾಬಿ. ಕೆಂಪನ್ನು ತಾಯಿಯಾಗಿಸಿ, ಬಿಳಿಯ ಪರಾಗ ಸವರಿದಾಗಲೂ ಗುಲಾಬಿಯೇ ಬಂತು.

ಬಣ್ಣಗಳು ನೀರಿನಲ್ಲಿ ಕಲಸಿದಂತೆ ಬೆರೆತುಹೋದವೆಂದು ವಿದ್ಯಾರ್ಥಿಗಳು ಭಾವಿಸಿದ್ದರು. ಹಾಗಿದ್ದರೆ ಗುಲಾಬಿಯ ಸಂತಾನವೆಲ್ಲ ಗುಲಾಬಿಯೇ ಆಗಬೇಕಿತ್ತು. ಗುಲಾಬಿ ಗಿಡಗಳ ಸ್ವಂತ ಪರಾಗದಿಂದಾದ ಬೀಜಗಳಿಂದ ಬೆಳೆದ 36 ಗಿಡಗಳಲ್ಲಿ 10 ಕೆಂಪು, 17 ಗುಲಾಬಿ, 9 ಬಿಳಿ ಹೂ ಬಿಟ್ಟವು. ಸಿದ್ಧಾಂತ ಹೇಳುವ 1:2:1ಕ್ಕೆ ಇದು ಬಹಳ ಹತ್ತಿರ. ಕೆಂಪಿನ ವಂಶವಾಹಿಯೂ ಬಿಳಿಯ ವಂಶವಾಹಿಯೂ ಗುಲಾಬಿ ಗಿಡದೊಳಗೆ ಕರಗದೆ ಜೊತೆಯಾಗಿದ್ದು, ಪರಾಗ ಮತ್ತು ಅಂಡ ರೂಪುಗೊಳ್ಳುವಾಗ ಬೇರ್ಪಟ್ಟಿದ್ದವು. ಅಜ್ಜಿಯ ಬಿಳಿ ಬಣ್ಣ ಮೊಮ್ಮಗಳಲ್ಲಿ ಕಲೆಯಿಲ್ಲದೆ ಮರಳಿದ ಆ ಸಂಜೆ ನಾನು ಬಹಳ ಹೊತ್ತು ಕುಂಡದ ಬಳಿಯೇ ಕುಳಿತಿದ್ದೆ.

ಈಗ ಎಲೆಗಳಲ್ಲಿ ಬಿಳಿ ಮಚ್ಚೆಯಿರುವ ಗಿಡವೊಂದು ಸಿಕ್ಕಿದೆ. ಈ ಮಚ್ಚೆ ತಾಯಿಯಿಂದ ಮಾತ್ರ ಬರುತ್ತದೆಂದು 1909ರಲ್ಲಿ ಕೊರೆನ್ಸ್ ಇದೇ ಜಾತಿಯಲ್ಲಿ ತೋರಿಸಿದ್ದರು. ಅದರ ಪರಾಗವನ್ನು ಹಸಿರು ಗಿಡಕ್ಕೂ, ಹಸಿರು ಗಿಡದ ಪರಾಗವನ್ನು ಅದಕ್ಕೂ ಸವರಿ, ಎರಡು ಬಗೆಯ ಬೀಜಗಳನ್ನೂ ಬೇರೆ ಬೇರೆ ಲಕೋಟೆಗಳಲ್ಲಿ ಹೆಸರು ಬರೆದು ತೆಗೆದಿಟ್ಟಿದ್ದೇನೆ.